ಗೋಡೆಗೆ ಹಾಕಿದ ಕಾಜಾ

ಅಂಗಿಯ ಎದೆಯಲ್ಲಿ ಗುಂಡಿ ತೂರಿಸಲು ಒಂದು ಸೀಳು ಇರುತ್ತದಲ್ಲ, ಹೊಲಿಗೆಯವರು ಅದನ್ನು ಕಾಜಾ ಎನ್ನುತ್ತಾರೆ. ದಿನಾ ಬೆಳಗ್ಗೆ ಅದರೊಳಗೆ ಗುಂಡಿ ತೂರಿಸುವ ನಾವು ಯಾರೂ ಅದನ್ನು ಕಣ್ಣಿಟ್ಟು ನೋಡಿದವರಲ್ಲ. ಆದರೆ ಹೊಸ ಬಟ್ಟೆಯನ್ನು ಅಳೆದು ಸೀಳುವುದು, ಸೀಳಿದ ಅಂಚು ಬಿಚ್ಚಿಕೊಳ್ಳದ ಹಾಗೆ ಸುತ್ತಲೂ ಒತ್ತಾಗಿ ದಾರ ಹಾಕಿ ಕಟ್ಟುವುದು ಒಂದು ಪ್ರತ್ಯೇಕ ಕಸುಬು. ಈ ಕಥೆಯ ಹೆಂಗಸು ಮೂವತ್ತಾರು ವರ್ಷ ಮಾಡಿದ್ದು ಅದೊಂದೇ ಕೆಲಸ. ಕೋಟು ಹೊಲಿಯುವ ಅಂಗಡಿಯೊಂದರ ಮಹಡಿಯಲ್ಲಿ, ಕಿಟಕಿಯ ಪಕ್ಕದ ಮೋಟು ಸ್ಟೂಲಿನ ಮೇಲೆ ಕೂತು, ಕೈಯಲ್ಲೇ ಕಾಜಾ ಹಾಕಿದಳು. ಕಾಜಾ ಹಾಕುವ ಯಂತ್ರ ಬಂದು ಪಕ್ಕದಲ್ಲೇ ಕೂತಿತು. ಆದರೂ ಬೆಲೆಬಾಳುವ ಕೋಟುಗಳೆಲ್ಲ ಇವಳ ಮಡಿಲಿಗೇ ಬಂದು ಬೀಳುತ್ತಿದ್ದವು. ಹೆತ್ತವರು ಇಟ್ಟ ಹೆಸರು ಬ್ಯಾಂಕಿನ ಪುಸ್ತಕದಲ್ಲಿ ಮಾತ್ರ ಉಳಿಯಿತು. ಅಂಗಡಿಯವರಿಗೆ, ಬೀದಿಯವರಿಗೆ, ಕೊನೆಗೆ ಹಾಲು ಹಾಕುವವನಿಗೂ ಅವಳು ಕಾಜಮ್ಮ.

ಕಾಜಾ ಕೆಲಸದಲ್ಲಿ ಒಂದು ಕಟ್ಟುನಿಟ್ಟಿದೆ. ಮೊದಲು ಕಾಜಾ, ಆಮೇಲೆ ಗುಂಡಿ. ಕಾಜಾ ಮುಗಿದ ಮೇಲೆ ಬೆರಳ ತುದಿಗೆ ಸೀಮೆಸುಣ್ಣದ ಪುಡಿ ಹಚ್ಚಿಕೊಂಡು ಸೀಳಿನ ಮೂಲಕ ಒತ್ತಿದರೆ ಅಡಿಯ ಬಟ್ಟೆಯ ಮೇಲೆ ಬಿಳಿ ಚುಕ್ಕೆ ಬೀಳುತ್ತದೆ. ಗುಂಡಿಯ ಜಾಗ ಅದು. ಗುಂಡಿ ತಪ್ಪಿದರೆ ಕಿತ್ತು ಮತ್ತೆ ಹೊಲಿಯಬಹುದು, ತಲೆ ಹೋಗುವಂಥದ್ದೇನಲ್ಲ. ಕಾಜಾ ತಪ್ಪಿದರೆ ಮಾತ್ರ ಕೋಟು ಹೋಯಿತು, ಗಿರಾಕಿ ಹೋದ, ಅಂಗಡಿಯ ಮಾನವೂ ಹೋಯಿತು. ಹಾಗಾಗಿ ಬೇರೆಯವರ ಬಟ್ಟೆಗೆ ಕತ್ತರಿ ತಾಗಿಸುವ ಮುಂಚೆ ಕಾಜಮ್ಮನ ಉಸಿರು ಪ್ರತಿ ಸಲವೂ ಒಂದು ಗಳಿಗೆ ನಿಲ್ಲುತ್ತಿತ್ತು. ಮೂವತ್ತಾರು ವರ್ಷದಲ್ಲಿ ಆ ಅಂಜಿಕೆ ಒಂದು ದಿನವೂ ಕಡಿಮೆಯಾಗಲಿಲ್ಲ.

ಇದೇ ಅಂಜಿಕೆಯನ್ನು ಹೊತ್ತುಕೊಂಡೇ ಅವಳು ಬಾಡಿಗೆ ಮನೆಗಳನ್ನೂ ತಿರುಗಿದಳು. ಗಂಡ ತೀರಿಕೊಂಡಾಗ ಮಗನಿಗೆ ನಾಲ್ಕು ವರ್ಷ. ಅಲ್ಲಿಂದ ಶುರುವಾದ ಎತ್ತಂಗಡಿ ಒಂಬತ್ತನೆಯ ಮನೆಯವರೆಗೂ ಬಂತು. ಒಂದು ಮನೆಯ ಓನರಿನ ಮಗಳು ಸಂಸಾರ ಸಮೇತ ವಾಪಸ್ ಬಂದಳು, ಇನ್ನೊಂದನ್ನು ಮಾರಿದರು, ಮತ್ತೊಂದಕ್ಕೆ ಬಣ್ಣ ಹೊಡೆಸುತ್ತೇವೆ ಎಂದು ಬಿಡಿಸಿ, ಬಣ್ಣ ಹೊಡೆಸದೆಯೇ ಬೇರೆಯವರಿಗೆ ಕೊಟ್ಟರು. ಯಾರೂ ಕೆಟ್ಟವರಲ್ಲ, ಮನೆ ಅವರದು, ಅವರಿಷ್ಟ. ಗಂಟುಮೂಟೆ ಕಟ್ಟುವ ಭಾಗ್ಯ ಮಾತ್ರ ಕಾಜಮ್ಮನದು. ಮಗನ ಶಾಲೆಯ ಅರ್ಜಿಯಲ್ಲಿ ವಿಳಾಸವನ್ನು ಪೆನ್ಸಿಲಿನಲ್ಲಿ ಬರೆಯುತ್ತಿದ್ದಳು. ಮೇಷ್ಟ್ರು "ಪೆನ್ನಲ್ಲಿ ಬರೀರಮ್ಮ" ಎಂದರೆ, "ನನಗೇನೋ ಇಷ್ಟಾನೇ ಸಾರ್, ನಮ್ಮ ಓನರ್ ಒಪ್ಪಬೇಕಲ್ಲ" ಅನ್ನುತ್ತಿದ್ದಳು.

ಗೋಡೆಗೆ ಮೊಳೆ ಹೊಡೆಯಬಾರದು ಎಂಬ ಮಾತನ್ನಂತೂ ಒಂಬತ್ತು ಬಾಯಿಂದ ಕೇಳಿದ್ದಳು. ಕ್ಯಾಲೆಂಡರು, ಗಡಿಯಾರ, ಗಂಡನ ಫೋಟೋ ಎಲ್ಲವೂ ಗಮ್ ಟೇಪಿನ ಮೇಲೆ ನಿಂತ ಸಂಸಾರ ಅದು. ಸೆಕೆಗೆ ಅಂಟು ಬಿಟ್ಟು ಫೋಟೋ ದಡಕ್ಕನೆ ಕೆಳಗೆ ಬಿದ್ದರೆ ಎತ್ತಿ ಒರೆಸಿ, "ನಿಮಗೂ ಈ ಮನೆ ಹಿಡಿಸಲಿಲ್ವೇನ್ರೀ?" ಎಂದು ಕೇಳಿ ಮತ್ತೆ ಅಂಟಿಸುತ್ತಿದ್ದಳು.

ಮಗ ಬೆಳೆದು ಲಿಫ್ಟ್ ರಿಪೇರಿಯ ಕೆಲಸಕ್ಕೆ ಸೇರಿದ. ಔಷಧಿ ಅಂಗಡಿಯ ಕೌಂಟರಿನಲ್ಲಿ ಕೆಲಸ ಮಾಡುವ ಹುಡುಗಿಯನ್ನು ಮದುವೆಯಾದ. ಸೊಸೆಯದು ಚುರುಕು ಬಾಯಿ, ಅದಕ್ಕಿಂತ ಚುರುಕು ಕಣ್ಣು. ಅತ್ತೆ ಸೊಸೆ ದಿನಕ್ಕೆ ಎರಡು ಸಲ ಜಗಳವಾಡಿ ಮೂರು ಸಲ ರಾಜಿಯಾಗುತ್ತಿದ್ದರು. ಕಾಜಮ್ಮನ ಕಣ್ಣಿಗೆ ಏನೋ ಆಗಿದೆ ಎಂದು ಮೊದಲು ಕಂಡುಹಿಡಿದದ್ದೂ ಸೊಸೆಯೇ. ಅತ್ತೆ ಬಾಗಿಲ ಚೌಕಟ್ಟಿಗೆ ಭುಜ ತಾಗಿಸಿಕೊಂಡು ಹೋಗುವುದನ್ನು ಒಂದು ವಾರ ನೋಡಿ, ಎಂಟನೆಯ ದಿನ ಕೈ ಹಿಡಿದು ಡಾಕ್ಟರ ಹತ್ತಿರ ಎಳೆದುಕೊಂಡು ಹೋದಳು.

ಡಾಕ್ಟರು ಸುತ್ತಿ ಬಳಸಿ ಮಾತಾಡುವವರಲ್ಲ. "ಕಣ್ಣೊಳಗಿನ ಒತ್ತಡ ಜಾಸ್ತಿಯಾಗಿ ನರ ಒಣಗ್ತಾ ಇದೆ. ಹೋಗಿರೋದು ವಾಪಸ್ ಬರಲ್ಲ. ಉಳಿದಿರೋದನ್ನ ಔಷಧಿ ಹಾಕಿ ಹಿಡಿದಿಡೋಕೆ ನೋಡೋಣ. ಒಂದು ವರ್ಷವೋ ಎರಡು ವರ್ಷವೋ, ಹೇಳೋಕಾಗಲ್ಲ," ಎಂದರು.

ಸಂಜೆ ವಿಷಯ ಕೇಳಿದ ಮಗ ತಲೆಯ ಮೇಲೆ ಕೈ ಹೊತ್ತು ಕೂತ. ಕಾಜಮ್ಮ ಮಾತ್ರ ದಾರಿಯುದ್ದಕ್ಕೂ ಯೋಚಿಸಿ ಒಂದು ತೀರ್ಮಾನಕ್ಕೆ ಬಂದಿದ್ದಳು.

"ಕಣ್ಣಿರೋವಾಗ್ಲೇ ಒಂದು ಮನೆ ಕಲಿತುಬಿಡ್ಬೇಕು ಕಣೋ."

"ಮನೆ ಕಲಿಯೋದಾ? ಏನಮ್ಮಾ ಹಾಗಂದ್ರೆ?"

"ಕಣ್ಣಿಲ್ಲದವರಿಗೆ ಮನೆ ಅಂದ್ರೆ ಬಾಯಿಪಾಠ ಇದ್ದ ಹಾಗೆ. ಒಂದ್ಸಲ ಬಂದ್ರೆ ಸಾಯೋವರೆಗೂ ಬರುತ್ತೆ. ಬಾಡಿಗೆ ಮನೇಲಿ ಎರಡು ವರ್ಷಕ್ಕೊಂದ್ಸಲ ಪುಸ್ತಕಾನೇ ಬದಲಾಯಿಸಿಬಿಡ್ತಾರೆ. ಆಮೇಲೆ ನಾನು ಯಾವ ಕಣ್ಣಲ್ಲಿ ಕಲೀಲಿ? ಯಾರೂ ಬಿಡಿ ಅನ್ನದಂಥ ಮನೆ ಬೇಕು ನನಗೆ. ಚಿಕ್ಕದಾದ್ರೂ ಪರವಾಗಿಲ್ಲ."

ಮನೆ ಕೊಳ್ಳುವುದು ಲಾಭವೋ ನಷ್ಟವೋ ಎಂದು ಕಾಗದದ ಮೇಲೆ ಗೀಚಿ ಕೂರುವ ಜನ ಬಹಳ ಇದ್ದಾರೆ. ಅವರೆಲ್ಲ ಕಣ್ಣಿದ್ದವರು. ಕಾಜಮ್ಮನ ಲೆಕ್ಕದಲ್ಲಿ ಇದ್ದದ್ದು ಒಂದೇ ಸಾಲು, ಯಾರೂ ಬಿಡಿ ಅನ್ನಬಾರದು. ಮೂವರೂ ಕೂಡಿಟ್ಟದ್ದನ್ನು ಒಟ್ಟು ಮಾಡಿ, ಮಿಕ್ಕದ್ದಕ್ಕೆ ಬ್ಯಾಂಕಿನ ಬಾಗಿಲು ತಟ್ಟಿ, ಮನೆ ಹುಡುಕಲು ಹೊರಟರು.

ಮನೆ ತೋರಿಸುವ ದಲ್ಲಾಳಿಗೆ ಇಂಥ ಗಿರಾಕಿ ಹಿಂದೆಂದೂ ಗಂಟುಬಿದ್ದಿರಲಿಲ್ಲ. ಎಲ್ಲರೂ ಕಣ್ಣರಳಿಸಿ ಮನೆ ನೋಡಿದರೆ ಈ ಹೆಂಗಸು ಒಳಗೆ ಬಂದವಳೇ ಕಣ್ಣು ಮುಚ್ಚಿ ಕೈ ಮುಂದೆ ಚಾಚಿ ನಡೆಯುತ್ತಿದ್ದಳು. ಅವನು ಪೆಚ್ಚುಮೋರೆ ಹಾಕಿಕೊಂಡು "ಅಮ್ಮಾ, ಒಂದ್ಸಲ ಕಣ್ಣು ಬಿಟ್ಟು ನೋಡಿ, ಬೆಳಕು ಎಷ್ಟು ಚೆನ್ನಾಗಿದೆ!" ಎಂದ. "ಬೆಳಕು ನೀನೇ ಇಟ್ಕೊಳಪ್ಪ. ನಿನ್ನ ಮನೆ ಮೂರು ಕಡೆ ಕಾಲು ಹಿಡಿಯುತ್ತೆ," ಎಂದು ಹೊಸ್ತಿಲು ದಾಟಿ ಬಂದಳು. ಹೀಗೆ ಹದಿನಾಲ್ಕು ಮನೆ ಮುಗಿದ ಮೇಲೆ ಹದಿನೈದನೆಯದು ಕಾಲಿಗೆ ಹಿಡಿಸಿತು. ಹಳೆಯದು, ನೆಲದ ಮಟ್ಟದ್ದು, ಒಂದೇ ಅಂತಸ್ತು. ಒಂದು ಹಾಲು, ಎರಡು ಕೋಣೆ, ಅಡುಗೆಮನೆ, ಅದರ ಹಿಂದೆ ಬಚ್ಚಲು. ಗೋಡೆ ಅಲ್ಲಲ್ಲಿ ಉಬ್ಬಿತ್ತು. ಕಾಜಮ್ಮ ಆ ಉಬ್ಬುಗಳನ್ನು ಸವರಿ, "ಗುರುತಿಗೆ ಒಳ್ಳೇದಾಯ್ತು," ಎಂದಳು.

ಕಾಗದಪತ್ರವೇನೋ ಆಯಿತು. ಆದರೆ ಮಾರಿದವರಿಗೆ ಅವರ ಹೊಸ ಮನೆ ಮುಗಿಯಬೇಕು. ಇವತ್ತು ನಾಳೆ ಎಂದು ಎಂಟು ತಿಂಗಳು ಎಳೆದರು. ಇತ್ತ ಕಾಜಮ್ಮನ ಕಣ್ಣು ಯಾರಿಗೂ ಕಾಯಲಿಲ್ಲ.

ಅವಳು ಎಡವಿದ್ದು ಈ ಎಂಟು ತಿಂಗಳಲ್ಲಿ. ಸುಮ್ಮನೆ ಕೂರುವ ಜೀವವೇ ಅದು? ಕಣ್ಣು ಹೋದ ಮೇಲೆ ಒದ್ದಾಡುವ ಬದಲು ಈಗಲೇ ಅಭ್ಯಾಸ ಮಾಡಿಕೊಳ್ಳುತ್ತೇನೆ ಎಂದು, ಕೋಟಿನ ಲೈನಿಂಗಿನ ಕಪ್ಪು ತುಂಡೊಂದನ್ನು ಕಣ್ಣಿಗೆ ಕಟ್ಟಿಕೊಂಡು ದಿನಾ ಬೆಳಗ್ಗೆ ಆ ಒಂಬತ್ತನೆಯ ಬಾಡಿಗೆ ಮನೆಯಲ್ಲಿ ನಡೆಯತೊಡಗಿದಳು. ಮಂಚದಿಂದ ಕಾಲು ಇಳಿಸಿ, ಬಲಗೈ ಗೋಡೆಗೆ ತಾಗಿಸಿ ಏಳು ಹೆಜ್ಜೆ, ಬಲಕ್ಕೆ ತಿರುಗಿದರೆ ಬಚ್ಚಲಿನ ಬಾಗಿಲು. ಮೊದಲು ಬಾಯಲ್ಲಿ ಎಣಿಸಿದಳು, ಆಮೇಲೆ ಮನಸ್ಸಿನಲ್ಲಿ. ಕೊನೆಗೆ ಎಣಿಕೆಯೇ ಬೇಡವಾಯಿತು.

"ಅತ್ತೆ, ಬಿಟ್ಟು ಹೋಗೋ ಮನೇನ ಇಷ್ಟು ಶ್ರದ್ಧೆಯಿಂದ ಯಾಕೆ ಕಲೀತಿದ್ದೀರಿ?" ಎಂದಳು ಸೊಸೆ.

"ಮನೆ ಅಲ್ಲ ಕಣೇ, ನಡಿಗೆ ಕಲೀತಿದ್ದೀನಿ."

ಆದರೆ ಕಾಲುಗಳು ಕಲಿತದ್ದು ಮನೆಯನ್ನೇ. ಅವಳ ಕಟ್ಟುನಿಟ್ಟು ನಿಮಗೆ ಗೊತ್ತಲ್ಲ. ಮೂವತ್ತಾರು ವರ್ಷ ಒಂದು ದಾರವನ್ನೂ ಸಡಿಲ ಬಿಡದವಳು ಈ ಪಾಠವನ್ನೂ ಅಷ್ಟೇ ಒತ್ತಾಗಿ ಹೊಲಿದುಕೊಂಡಳು.

ಆ ದಿನಗಳಲ್ಲೇ ಬಚ್ಚಲಿನಲ್ಲಿ ಹಿಡಿದುಕೊಳ್ಳಲು ಒಂದು ಸ್ಟೀಲ್ ಸರಳು ಹಾಕಿಸಬೇಕೆಂದು ಮಗ ಸರಳು ಕೊಂಡು ತಂದ. ಮೇಲಿನ ಮಹಡಿಯಲ್ಲಿದ್ದ ಓನರು ಇಳಿದು ಬಂದು, "ಟೈಲ್ಸ್ ಬಿರುಕು ಬಿಡುತ್ತಪ್ಪ, ಬೇಡ. ನೀವೇ ಸ್ವಲ್ಪ ಹುಷಾರಾಗಿ ನಡೀರಿ," ಎಂದರು. ಮಗ ಡ್ರಿಲ್ಲನ್ನು ಚೀಲಕ್ಕೆ ಹಾಕಿಕೊಂಡ. ಬಿಡುವ ಮನೆ, ಜಗಳ ಯಾಕೆ? ಸರಳು ಕಟ್ಟು ಬಿಚ್ಚದೆ ಮಂಚದ ಕೆಳಗೆ ಮಲಗಿತು.

ಸ್ವಂತ ಮನೆಗೆ ಬಂದ ದಿನ ಕಾಜಮ್ಮನಿಗೆ ಬೆಳಕೆಲ್ಲಿ ನೆರಳೆಲ್ಲಿ ಎನ್ನುವಷ್ಟು ಮಾತ್ರ ತಿಳಿಯುತ್ತಿತ್ತು. ಆದರೂ ಹೊಸ್ತಿಲಲ್ಲಿ ನಿಂತು ಜೋರಾಗಿ ನಕ್ಕಳು. ಬಾಗಿಲಿಗೆ, ಕಿಟಕಿಗೆ, ಉಬ್ಬಿದ ಗೋಡೆಗೆ ಕೈ ತಾಗಿಸಿ ತಾಗಿಸಿ, "ಇನ್ನು ಯಾರೂ ಎಬ್ಬಿಸೋ ಹಾಗಿಲ್ಲ ನನ್ನನ್ನ," ಎಂದಳು. ಮಗ ಮೊದಲ ಸಲ ಪೆನ್ನಿನಲ್ಲಿ ವಿಳಾಸ ಬರೆದು ಅವಳ ಕೈಗೆ ಕೊಟ್ಟ. ಕಾಣದಿದ್ದರೂ ಆ ಕಾಗದವನ್ನು ಮಡಿಸಿ ಸೂಜಿ ಡಬ್ಬಿಯಲ್ಲಿ ಇಟ್ಟುಕೊಂಡಳು.

ಮಾರನೆಯ ಬೆಳಗ್ಗೆ ಮಂಚದಿಂದ ಇಳಿದು, ಬಲಗೈ ಗೋಡೆಗೆ ತಾಗಿಸಿ, ಏಳು ಹೆಜ್ಜೆ ನಡೆದು, ಬಲಕ್ಕೆ ತಿರುಗಿ, ಗೋಡೆಗೆ ಹಣೆ ಹೊಡೆದುಕೊಂಡಳು.

ಬಚ್ಚಲು ಆ ಗೋಡೆಯ ಆಚೆಗೇ ಇತ್ತು. ಆದರೆ ಬಾಗಿಲು ಇದ್ದದ್ದು ಅಡುಗೆಮನೆಯ ಕಡೆ. ಕೋಣೆಯಿಂದ ಹೊರಗೆ ಬಂದು, ಹಾಲು ದಾಟಿ, ಒಲೆಯ ಪಕ್ಕದಲ್ಲಿ ಸುತ್ತಿಕೊಂಡು ಹೋಗಬೇಕು. ಎರಡು ಮಾರು ದೂರದ ಬಚ್ಚಲಿಗೆ ಇಡೀ ಮನೆಯ ಪ್ರದಕ್ಷಿಣೆ. "ಹೋಗ್ಲಿ ಬಿಡಿ, ಹೊಸದು, ನಾಲ್ಕು ದಿನಕ್ಕೆ ಸರಿಹೋಗುತ್ತೆ," ಎಂದುಕೊಂಡರು ಎಲ್ಲರೂ.

ನಾಲ್ಕು ದಿನ ನಾಲ್ಕು ವಾರವಾಯಿತು, ನಾಲ್ಕು ವಾರ ನಾಲ್ಕು ತಿಂಗಳಾಯಿತು. ಎಚ್ಚರವಾಗಿ ಯೋಚಿಸಿ ನಡೆದರೆ ಕಾಜಮ್ಮ ಸರಿಯಾಗಿಯೇ ಹೋಗುತ್ತಿದ್ದಳು. ಆದರೆ ನಿದ್ದೆಗಣ್ಣಲ್ಲಿ, ಅವಸರದಲ್ಲಿ, ಬೇರೆ ಏನೋ ಯೋಚನೆಯಲ್ಲಿ ಎದ್ದರೆ ಕಾಲು ಅವಳ ಮಾತು ಕೇಳುತ್ತಿರಲಿಲ್ಲ. ಏಳು ಹೆಜ್ಜೆ, ಬಲಕ್ಕೆ, ಗೋಡೆ. ಹಣೆಯ ಒಂದು ಬುಗುಟು ಇಳಿಯುವ ಮುಂಚೆ ಇನ್ನೊಂದು ಏಳುತ್ತಿತ್ತು. ಮಗ ಮಂಚದ ಕಾಲಿನಿಂದ ಅಡುಗೆಮನೆಯ ಬಾಗಿಲ ಹಿಡಿಯವರೆಗೂ ಹಗ್ಗ ಕಟ್ಟಿದ. ಮೂರನೆಯ ದಿನ ಅವನೇ ಅದಕ್ಕೆ ಸಿಕ್ಕಿ ಮಗುಚಿಕೊಂಡ. ಸೊಸೆ ಒಂದು ಗಂಟೆ ತಂದುಕೊಟ್ಟು, "ಬೇಕಾದಾಗ ಬಾರಿಸಿ ಅತ್ತೆ, ನಾನು ಬಂದು ಕರ್ಕೊಂಡು ಹೋಗ್ತೀನಿ," ಎಂದಳು. ಕಾಜಮ್ಮ ಗಂಟೆಯನ್ನು ಒಂದು ಸಲವೂ ಮುಟ್ಟಲಿಲ್ಲ. ಬಚ್ಚಲಿಗೆ ಹೋಗುವುದಕ್ಕೂ ಗಂಟೆ ಹೊಡೆಯಬೇಕೇ ಎಂಬ ಸಂಕಟ ಅವಳನ್ನು ಒಳಗೊಳಗೇ ಕೊರೆಯಿತು.

ಅವಳು ಬೇರೊಂದು ದಾರಿ ಹಿಡಿದಳು. ನೀರು ಕುಡಿಯುವುದನ್ನೇ ಬಿಡುತ್ತಾ ಬಂದಳು.

ಗೊತ್ತಾದದ್ದು ಕಿಟಕಿಯ ಹತ್ತಿರವಿದ್ದ ಹೂವಿನ ಕುಂಡದಿಂದ. ಒಂದು ಭಾನುವಾರ ಬೆಳಗ್ಗೆ ಸೊಸೆ ನೋಡಿದರೆ ಗಿಡ ಬುಡದಿಂದ ಕೊಳೆತು ಒರಗಿತ್ತು, ಮಣ್ಣು ಕೆಸರಾಗಿತ್ತು. ತಾನು ಕೊಟ್ಟ ಲೋಟ ಲೋಟ ನೀರು ಎಲ್ಲಿಗೆ ಹೋಗುತ್ತಿದೆ ಎಂದು ಅವಳಿಗೆ ತಿಳಿಯಿತು. ಅತ್ತೆಯ ಒಣಗಿದ ತುಟಿ, ಮಾತು ಮಾತಿಗೂ ತಲೆ ಸುತ್ತು ಎನ್ನುವುದು, ಎಲ್ಲವೂ ಒಟ್ಟಿಗೆ ಅರ್ಥವಾಯಿತು. ಬೈಯಬೇಕೆಂದು ಬಾಯಿ ತೆರೆದಳು. ಆದರೆ ಮೊದಲು ಮಾತಾಡಿದವಳು ಕಾಜಮ್ಮ, ಅದೂ ಮಗನ ಕಡೆ ಮುಖ ತಿರುಗಿಸಿ.

"ಹಳೇ ಮನೆ ಖಾಲಿ ಇದ್ರೆ, ಅಲ್ಲಿಗೇ ವಾಪಸ್ ಹೋಗೋಣ್ವೇನೋ?"

ಮಗ ಕೈಯಲ್ಲಿದ್ದ ಚಹಾದ ಲೋಟವನ್ನು ಕೆಳಗಿಟ್ಟ. ಇವಳಿಗಾಗಿಯೇ ಕೊಂಡ ಮನೆ. ಓವರ್‌ಟೈಮ್ ಮಾಡಿದ್ದು, ಎಂಟು ತಿಂಗಳು ಕಾದದ್ದು, ಎಲ್ಲ ಕಣ್ಣ ಮುಂದೆ ಹಾದುಹೋಯಿತು. ಅವನಿಗೆ ಸಿಟ್ಟೂ ಬಂತು, ಅಳುವೂ ಬಂತು.

"ಮನೆ ಚೆನ್ನಾಗಿದೆ ಕಣೋ," ಕಾಜಮ್ಮನೇ ಮುಂದುವರಿಸಿದಳು. "ತಪ್ಪು ನನ್ನದು. ಬೇರೆಯವರ ಮನೇನ ಕಲಿತು ಕೂತೆ. ಈಗ ಇದು ತಲೆಗೆ ಹತ್ತುತ್ತೆ, ಕಾಲಿಗೆ ಇಳಿಯಲ್ಲ."

ಅದೇ ಹೊತ್ತಿಗೆ ಗಮ್ ಟೇಪ್ ಬಿಟ್ಟು ಗೋಡೆಯ ಗಡಿಯಾರ ದಡ್ಡನೆ ನೆಲಕ್ಕೆ ಬಿತ್ತು.

ಸೊಸೆ ಅದನ್ನು ಎತ್ತಿಕೊಂಡಳು. ಟೇಪಿನ ತುಂಡನ್ನು ನೋಡಿದಳು. ಗೋಡೆಯನ್ನು ನೋಡಿದಳು. ನಾಲ್ಕು ತಿಂಗಳಿಂದ ಈ ಮನೆಯ ಯಾವ ಗೋಡೆಗೂ ಒಂದು ಮೊಳೆ ಇಳಿದಿರಲಿಲ್ಲ. ಮಂಚದ ಕೆಳಗೆ ಸ್ಟೀಲ್ ಸರಳು ಇನ್ನೂ ಕಟ್ಟು ಬಿಚ್ಚದೆ ಬಿದ್ದಿತ್ತು. ಊರಿನ ಲಿಫ್ಟುಗಳ ಗೋಡೆಗೆಲ್ಲ ದಿನವಿಡೀ ತೂತು ಕೊರೆಯುವ ಗಂಡ ಪ್ರತಿ ಭಾನುವಾರವೂ ಡ್ರಿಲ್ ಹಿಡಿದು ಬಚ್ಚಲಿಗೆ ಹೋಗುವುದು, ಟೈಲ್ಸ್ ಸವರಿ ನೋಡುವುದು, "ಮುಂದಿನ ವಾರ ನೋಡೋಣ" ಎಂದು ವಾಪಸ್ ಬರುವುದು ನಡೆದೇ ಇತ್ತು. ಓನರಿಲ್ಲದ ಮನೆಯಲ್ಲಿ ಓನರಿಗೆ ಹೆದರಿಕೊಂಡು ಮೂರು ಜನ ಬಾಳುತ್ತಿದ್ದರು.

"ರೀ," ಎಂದಳು ಸೊಸೆ, "ಈ ಗೋಡೆ ಯಾರದು?"

"ಯಾವ ಗೋಡೆ?"

"ಅತ್ತೆ ಹಣೆ ಚಚ್ಚಿಕೊಳ್ತಾರಲ್ಲ, ಆ ಗೋಡೆ. ಅದರ ಆಚೆ ಬಚ್ಚಲು ತಾನೆ? ಒಡೆದು ಅಲ್ಲೇ ಒಂದು ಬಾಗಿಲಿಟ್ರೆ ಮುಗೀತು."

ಮಗ ಬಿಟ್ಟ ಬಾಯಿ ಬಿಟ್ಟ ಹಾಗೆ ನಿಂತ. "ಒಡೆಯೋದಾ? ಅಲ್ಲ, ಹಾಗೆಲ್ಲ... ಒಂದು ಮಾತು ಕೇಳಬೇಕಲ್ವಾ?"

"ಯಾರನ್ನ?"

ಅವನು ಯೋಚಿಸಿದ. ಅಭ್ಯಾಸಬಲದಿಂದ ಮೇಲಕ್ಕೆ ನೋಡಿದ. ಮೇಲೆ ತಾರಸಿ, ಅದರ ಮೇಲೆ ಆಕಾಶ. ಆಮೇಲೆ ಅವನಿಗೆ ನಗು ಬಂತು. ನಾಲ್ಕು ತಿಂಗಳಲ್ಲಿ ಆ ಮನೆಯಲ್ಲಿ ಅವನು ಹಾಗೆ ನಕ್ಕಿರಲಿಲ್ಲ. ಕಣ್ಣಲ್ಲಿ ನೀರು ಬರುವವರೆಗೂ ನಕ್ಕ.

ಕಾಜಮ್ಮನಿಗೆ ಮಾತ್ರ ನಗು ಬರಲಿಲ್ಲ. "ನಿಮಗೇನು ತಲೆ ಕೆಟ್ಟಿದೆಯಾ?" ಎಂದು ಎದ್ದು ನಿಂತಳು. "ಗುಂಡಿ ತಪ್ಪಿದ್ರೆ ಗುಂಡಿ ಕಿತ್ತು ಹೊಲೀತಾರೆ. ಯಾರಾದ್ರೂ ಹೋಗಿ ಹೋಗಿ ಕೋಟು ಕತ್ತರಿಸ್ತಾರಾ? ತಪ್ಪಿರೋಳು ನಾನು. ಇನ್ನೊಂದು ನಾಲ್ಕು ತಿಂಗಳು ಕೊಡಿ, ನಾನೇ ಸರಿಹೋಗ್ತೀನಿ."

ಸೊಸೆ ಅತ್ತೆಯ ಎರಡೂ ಕೈ ಹಿಡಿದುಕೊಂಡಳು. ಅವಳ ದನಿಯಲ್ಲಿ ಜಗಳವಿರಲಿಲ್ಲ. "ಗಿರಾಕಿ ಬಟ್ಟೆ ಆದ್ರೆ ಕತ್ತರಿ ಹಾಕೋಕೆ ಹೆದರಬೇಕು ಅತ್ತೆ. ಇದು ನಮ್ಮ ಬಟ್ಟೆ. ನೀವು ಎಲ್ಲಿದ್ದೀರೋ ಅಲ್ಲಿಗೇ ಕಾಜಾ ಹಾಕಿಸೋಣ."

ಕಾಜಮ್ಮ ಕೈ ಬಿಡಿಸಿಕೊಂಡು ಹಣೆಯ ಬುಗುಟನ್ನು ಸವರಿಕೊಂಡಳು. ಆಮೇಲೆ, "ಅಳತೆ ತಪ್ಪಬಾರದು," ಎಂದಳು. ಅದು ಒಪ್ಪಿಗೆ ಎಂದು ಮಗನಿಗೂ ಸೊಸೆಗೂ ತಿಳಿಯಿತು.

ಮಾರನೆಯ ವಾರ ಗಾರೆ ಮೇಸ್ತ್ರಿ ಬಂದ. ಗೋಡೆಯನ್ನು ಎರಡೂ ಕಡೆಯಿಂದ ತಟ್ಟಿ, "ಇದು ಚಾವಣಿ ಭಾರ ಹೊತ್ತ ಗೋಡೆ ಅಲ್ಲ, ಧಾರಾಳವಾಗಿ ಒಡೀಬಹುದು," ಎಂದ. ಬಾಗಿಲು ಎಲ್ಲಿ ಬರಬೇಕು ಎಂದು ಕೇಳಿದ. ಕಾಜಮ್ಮ ತನ್ನ ಡಬ್ಬಿಯಿಂದ ಸೀಮೆಸುಣ್ಣದ ಪುಡಿಯನ್ನು ತೆಗೆದು ಬಲ ಅಂಗೈಗೆ ಬಳಿದುಕೊಂಡಳು. ಮಂಚದ ಮೇಲೆ ಕೂತು, ಎದ್ದು, ಏಳು ಹೆಜ್ಜೆ ನಡೆದು, ತಿರುಗಿ ಗೋಡೆಗೆ ಕೈ ಒತ್ತಿದಳು. ಮತ್ತೆ ಮಾಡಿದಳು. ಎರಡು ಗುರುತಿನ ನಡುವೆ ಒಂದೂವರೆ ಮೊಳದ ಅಂತರ.

"ಅಮ್ಮಾ, ಹೀಗೆ ಆದ್ರೆ ಬಾಗಿಲಲ್ಲ, ಕಾರ್ ಶೆಡ್ಡೇ ಕಟ್ಟಬೇಕಾಗುತ್ತೆ," ಎಂದ ಮೇಸ್ತ್ರಿ.

ಸೊಸೆಗೆ ಗುಟ್ಟು ಹೊಳೆಯಿತು. ಅತ್ತೆ ಯೋಚಿಸಿ ನಡೆಯುತ್ತಿದ್ದಾಳೆ. ಯೋಚಿಸಿದರೆ ಕಾಲಿನ ದಾರಿಯೇ ಬೇರೆ. ಮಂಚದ ತುದಿಗೆ ಕೂತು ತಣ್ಣಗೆ ಶುರು ಮಾಡಿದಳು. "ಅಲ್ಲ ಅತ್ತೆ, ನಿಮ್ಮ ಮಗ ಚಿಕ್ಕವನಿದ್ದಾಗ ಇಷ್ಟೊಂದು ಸೋಮಾರಿ ಇರಲಿಲ್ವಂತೆ. ನೀವೇ ಮುದ್ದು ಮಾಡಿ ಕೆಡಿಸಿದ್ರಂತೆ."

"ಯಾರೇ ಹೇಳಿದ್ದು?" ಕಾಜಮ್ಮ ಸೆಟೆದು ಕೂತಳು. "ನಾನು ಮುದ್ದು ಮಾಡಿದ್ನಾ? ಅಂಗಡಿಯಿಂದ ಬರೋ ಹೊತ್ತಿಗೆ ಪಾತ್ರೆ ತೊಳೆದು, ಬಟ್ಟೆ ಮಡಿಸಿ ಇಡ್ತಿದ್ದ ನನ್ನ ಮಗ! ನೀನು ಬಂದ ಮೇಲೆ..."

"ಸರಿ ಸರಿ, ಕೈಯೆಲ್ಲ ಸುಣ್ಣ ಆಗಿದೆ, ಹೋಗಿ ತೊಳ್ಕೊಂಡು ಬನ್ನಿ."

"ತೊಳೀತೀನಿ. ನೀನು ಬಂದ ಮೇಲೇನೇ ಅವನು ಕಾಲು ಚಾಚಿ ಕೂರೋದು ಕಲಿತದ್ದು. ಬಂದವರ ಮುಂದೆ ತಪ್ಪು ನನ್ನ ಮೇಲೆ ಹಾಕ್ತೀಯಾ?" ಎಂದು ಬೈಯುತ್ತಲೇ ಎದ್ದು, ಬೈಯುತ್ತಲೇ ನಡೆದು, ಬಲಕ್ಕೆ ತಿರುಗಿ ಗೋಡೆಗೆ ಫಟ್ಟೆಂದು ಕೈ ಬಡಿದಳು.

ಅಚ್ಚ ಬಿಳಿಯ ಅಂಗೈ ಗೋಡೆಯ ಮೇಲೆ ಮೂಡಿತು. ಮೇಸ್ತ್ರಿ ಸುಮ್ಮನಿರಿ ಎಂದು ಕಣ್ಸನ್ನೆ ಮಾಡಿದ. ಸೊಸೆ ಇನ್ನೆರಡು ಸಲ ಕಾಲು ಕೆರೆದು ಜಗಳ ತೆಗೆದಳು, ಸಾಮಗ್ರಿಗೇನೂ ಕೊರತೆಯಿರಲಿಲ್ಲ. ಮೂರು ಅಂಗೈಗಳೂ ಒಂದರ ಮೇಲೊಂದು ಕೂತವು, ಬೆರಳಿನ ಅಗಲದಷ್ಟೂ ಹೆಚ್ಚುಕಡಿಮೆಯಿಲ್ಲದೆ. ಮೇಸ್ತ್ರಿ ಅದರ ಎರಡೂ ಪಕ್ಕ ಪೆನ್ಸಿಲಿನಿಂದ ಗೆರೆ ಎಳೆದು, "ಇಷ್ಟು ವರ್ಷದಲ್ಲಿ ಇಂಥ ಅಳತೆ ತಗೊಂಡಿಲ್ಲ ಅಮ್ಮಾ," ಎಂದ. ನಡೆದದ್ದೇನೆಂದು ತಿಳಿದ ಕಾಜಮ್ಮ ಸೊಸೆಯ ಬೆನ್ನಿಗೊಂದು ಬಾರಿಸಿದಳು. ಬೆನ್ನ ಮೇಲೂ ನಾಲ್ಕು ಬೆರಳು ಮೂಡಿದವು.

ಮೊದಲ ಸುತ್ತಿಗೆ ಏಟು ಬಿದ್ದಾಗ ಹಾಲಿನಲ್ಲಿ ಕೂತಿದ್ದ ಕಾಜಮ್ಮನ ಉಸಿರು ಹಳೆಯ ಪದ್ಧತಿಯಂತೆ ನಿಂತಿತು. ಎರಡನೆಯ ಏಟಿಗೆ ಇಟ್ಟಿಗೆ ಚೂರು ಉದುರಿದ ಸದ್ದು ಬಂತು. ಅವಳು ಕಿವಿ ನಿಮಿರಿಸಿ ಕಾದಳು. ಇನ್ನೇನು ಮೆಟ್ಟಿಲ ಮೇಲೆ ಚಪ್ಪಲಿ ಸದ್ದಾಗುತ್ತದೆ, ಯಾರೋ ಇಳಿದು ಬಂದು ಏನ್ರೀ ಇದು ಎನ್ನುತ್ತಾರೆ. ಮೂರನೆಯ ಏಟು ಬಿತ್ತು, ನಾಲ್ಕನೆಯದು ಬಿತ್ತು. ಯಾರೂ ಬರಲಿಲ್ಲ. ಮನೆ ತುಂಬ ಧೂಳು, ಗಲಾಟೆ, ಆದರೂ ಕೇಳುವವರಿಲ್ಲ. ಆಗ ಅವಳ ಉಸಿರು ಹೊರಗೆ ಬಂತು, ಎಷ್ಟೋ ವರ್ಷ ಒಳಗೆ ಹಿಡಿದಿಟ್ಟುಕೊಂಡಿದ್ದ ಹಾಗೆ ಉದ್ದಕ್ಕೆ ಬಂತು. ಮನೆ ನಮ್ಮದು ಎಂದು ಕಾಗದ ಹೇಳಿದ್ದು ಯಾವಾಗಲೋ. ಅವಳಿಗೆ ಗೊತ್ತಾದದ್ದು ಆವತ್ತು, ಆ ಏಟುಗಳ ನಡುವಿನ ಮೌನದಲ್ಲಿ.

ಬಾಗಿಲ ಸುತ್ತ ಗಾರೆ ಬಳಿದು ಒಣಗಲು ನಾಲ್ಕು ದಿನ ಹಿಡಿಯಿತು. ಅಷ್ಟರಲ್ಲಿ ಮಗ ಬಚ್ಚಲಿನ ಟೈಲ್ಸ್ ಕೊರೆದು ಸರಳು ಹಾಕಿದ. ಟೈಲ್ಸ್ ಬಿರುಕು ಬಿಡಲಿಲ್ಲ. ಬಿಟ್ಟಿದ್ದರೂ ಅವನದೇ ಟೈಲ್ಸ್. ಆ ಹುರುಪಿನಲ್ಲೇ ಗಡಿಯಾರಕ್ಕೊಂದು, ಅಪ್ಪನ ಫೋಟೋಗೊಂದು ಮೊಳೆ ಹೊಡೆದ. ಕಾಜಮ್ಮ ಫೋಟೋ ಹಿಡಿದು ಎಳೆದು ನೋಡಿ, "ಇನ್ನು ಬೀಳೋ ನೆಪ ಇಲ್ಲ ನಿಮಗೆ," ಎಂದಳು.

ಐದನೆಯ ದಿನ ಬೆಳಗ್ಗೆ ಅವಳಿಗೆ ಎಚ್ಚರವಾದಾಗ ಬಾಗಿಲ ವಿಷಯವೇ ನೆನಪಿರಲಿಲ್ಲ. ನಿದ್ದೆಗಣ್ಣು. ಕಾಲು ಇಳಿಸಿದಳು, ಬಲಗೈ ಗೋಡೆಗೆ ತಾಗಿಸಿದಳು. ಏಳು ಹೆಜ್ಜೆ. ಬಲಕ್ಕೆ ತಿರುಗುವಾಗ ಹಣೆಯ ಬುಗುಟಿಗೆ ಥಟ್ಟನೆ ನೆನಪಾಗಿ ಕಣ್ಣು ಬಿಗಿದು, ತಲೆ ತಗ್ಗಿಸಿ, ಏಟಿಗೆ ಸಿದ್ಧಳಾದಳು. ಏಟು ಬೀಳಲಿಲ್ಲ. ಚಾಚಿದ ಕೈಗೆ ಗಾಳಿ ಸಿಕ್ಕಿತು. ಇನ್ನೊಂದು ಹೆಜ್ಜೆ ಇಟ್ಟಳು, ಪಾದಕ್ಕೆ ಬಚ್ಚಲಿನ ತಣ್ಣನೆಯ ಟೈಲ್ಸ್ ತಾಗಿತು. ಕೈ ತಾನೇ ತಾನಾಗಿ ಹೋಗಿ ಸರಳನ್ನು ಹಿಡಿಯಿತು.

ಅಲ್ಲೇ ನಿಂತು ಅತ್ತಳು. ದುಃಖಕ್ಕಲ್ಲ, ಕಾಲು ತನ್ನ ಮಾತು ಕೇಳದಿದ್ದರೇನಂತೆ, ಮನೆ ಕೇಳಿತಲ್ಲ ಎಂಬ ಸಮಾಧಾನಕ್ಕೆ.

ವಾಪಸ್ ಬರುವಾಗ ಬಾಗಿಲ ಅಂಚನ್ನು ಕೆಳಗಿನಿಂದ ಮೇಲಿನವರೆಗೆ ಬೆರಳಿನಿಂದ ಸವರಿದಳು, ಮೂವತ್ತಾರು ವರ್ಷ ಪ್ರತಿ ಕಾಜಾ ಮುಗಿದ ಮೇಲೆ ಸವರುತ್ತಿದ್ದ ಹಾಗೆ. ಗಾರೆ ನುಣ್ಣಗೆ ಕೂತಿತ್ತು. ಮೊಣಕೈ ಎತ್ತರದಲ್ಲಿ ಮಾತ್ರ ಒಂದು ಕಡೆ ತರಿ ತರಿ.

"ಏನೇ, ಎದ್ದಿದ್ದೀಯಾ?" ಎಂದು ಕೂಗಿದಳು. "ನಿನ್ನ ಮೇಸ್ತ್ರಿ ಇಲ್ಲೊಂದು ಕಡೆ ಹೊಲಿಗೆ ತಪ್ಪಿಸಿದ್ದಾನೆ ನೋಡು! ದುಡ್ಡು ಕೊಡೋ ಮುಂಚೆ ಕರೆಸಿ ಸರಿ ಮಾಡಿಸು."

ಸೊಸೆ ಓಡಿ ಬಂದಳು. ಅತ್ತೆ ಬಾಗಿಲಲ್ಲಿ ನಿಂತಿದ್ದಳು, ಹಣೆಯಲ್ಲಿ ಹೊಸ ಗಾಯವಿರಲಿಲ್ಲ. ಕಾಜಮ್ಮ ಏಳು ಹೆಜ್ಜೆ ಹಿಂದಕ್ಕೆ ನಡೆದು ಮಂಚದ ಮೇಲೆ ಕೂತು, ಸೊಸೆಯ ಕಡೆಗೆ ಕೈ ಚಾಚಿದಳು.

"ನೀರು ಕೊಡೇ ಒಂದು ಲೋಟ. ತುಂಬ ಕೊಡು."